ಉಣ್ಣದ ಮುಯ್ಯಿ

ಗುತ್ತಲಿನ ಆಚೆ, ನಾಲೆಯ ಏರಿಯ ಮೇಲೆ, ಆ ಬೆಳಿಗ್ಗೆ ನಾವು ಎಂಟು ಜನ ಸಾಲಾಗಿ ನಿಂತಿದ್ದೆವು. ಸಂಸ್ಕೃತ ಪಾಠ ಹೇಳಿ ನಿವೃತ್ತರಾಗಿದ್ದ ನರಸಿಂಹಯ್ಯ ಮೇಷ್ಟ್ರು, ಅವರ ಹೆಂಡತಿ ಶಾರದಮ್ಮ, ಮದ್ದೂರಿನ ಒಬ್ಬ ದರ್ಜಿ, ಮಳವಳ್ಳಿಯ ಅರ್ಚಕರ ತಮ್ಮಂದಿರಿಬ್ಬರು, ಓದು ಮುಗಿಸಿ ಕೆಲಸ ಸಿಗದ ಮಂಡ್ಯ ಪೇಟೆಯ ಇಬ್ಬರು, ಕೊನೆಯಲ್ಲಿ ನಾನು. ಭಜನೆ ಮನೆಯ ಹಿರಿಯರು ಕೊಡೆ ಊರಿಕೊಂಡು ಪಕ್ಕದಲ್ಲಿ ನಿಂತು, ಹೆಣ್ಣು ತೋರಿಸುವವರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ನಮಗೆ ಬೇಸಾಯ ಕಲಿಸಲು ಅವರು ಗೊತ್ತುಮಾಡಿದ್ದ ತಾಯಮ್ಮ ಗದ್ದೆಯಿಂದ ಏರಿ ಹತ್ತಿ ಬಂದರು. ನಮ್ಮ ಮುಖದ ಕಡೆ ನೋಡಲೇ ಇಲ್ಲ.

"ಚಪ್ಲಿ ಬುಡಿ," ಅಂದರು.

ಬಿಟ್ಟೆವು. ಸಂತೆಯಲ್ಲಿ ಎತ್ತಿನ ಗೊರಸು ನೋಡುವ ಹಾಗೆ ಬಗ್ಗಿ ಬಗ್ಗಿ ನಮ್ಮ ಕಾಲು ನೋಡುತ್ತ ಸಾಲಿನ ಈ ತುದಿಯಿಂದ ಆ ತುದಿಗೆ ಬಂದರು. ಮೇಷ್ಟ್ರ ಮುಂದೆ ನಿಂತು, "ಇವು ನೀರು ಆಕಿ ತೊಳ್ಸ್ಕೊಳೋ ಪಾದ ಕಣಪ್ಪ, ಕೆಸ್ರಿಗೆ ಇಳ್ಸೋವಲ್ಲ," ಅಂದರು. ದರ್ಜಿಯದು ನೋಡಿ, "ಇದು ಮಿಸನ್ನು ತುಳ್ದೂ ತುಳ್ದೂ ಅಲ್ಲಾಡೋ ಕಾಲು, ನಿಂತ ಕಡೆ ನಿಲ್ಲಾಕಿಲ್ಲ." ನನ್ನ ಹತ್ತಿರ ಬಂದಾಗ ಕುಕ್ಕರುಗಾಲಲ್ಲಿ ಕೂತೇಬಿಟ್ಟರು. "ಯಾರ್ ಮಗನ್ಲಾ ನೀನು? ಮ್ಯಾಲ್ಗಡೆ ಗೌಡ್ರ ಕಾಲು, ಅಡೀಲಿ ನೋಡುದ್ರೆ ಬೆಣ್ಣೆ ಉಂಡೆ!"

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ನನ್ನ ತಾತ ಗದ್ದೆಯಲ್ಲೇ ಬದುಕಿ ಗದ್ದೆಯಲ್ಲೇ ಸತ್ತವರು. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಆ ಇಬ್ಬರ ನಡುವೆ ಎಲ್ಲೋ ನಮ್ಮ ಮನೆಯ ಅಂಗಾಲು ಕಳೆದುಹೋಗಿತ್ತು. ಅದನ್ನು ಅಷ್ಟು ಜನರ ಎದುರು ಒಬ್ಬ ಹೆಂಗಸು ಬೆರಳಿಟ್ಟು ತೋರಿಸಿದ್ದು ಅದೇ ಮೊದಲು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಭಜನೆ ಮನೆಗೆ ಯಾರೋ ಪುಣ್ಯಾತ್ಮರು ನಾಲೆಯ ಪಕ್ಕ ಒಂದು ತುಂಡು ಗದ್ದೆಯನ್ನೂ, ಅದರ ತಲೆಗೆ ಒಂದು ಪಾಳು ಆಲೆಮನೆಯನ್ನೂ ಬಿಟ್ಟುಕೊಟ್ಟಿದ್ದರು. ಹಿರಿಯರಿಗೆ ಒಂದು ಯೋಚನೆ ಬಂತು. ಪಟ್ಟಣದಲ್ಲಿ ಕೆಲಸವಿಲ್ಲದೆ ಕೂತವರೂ ಕೆಲಸ ಮುಗಿಸಿ ಕೂತವರೂ ಬೇಕಾದಷ್ಟಿದ್ದಾರೆ. ಮನೆ ಹಿಂದೆ ಹಿತ್ತಲುಗಳು, ಬೀದಿ ಕೊನೆಯಲ್ಲಿ ಖಾಲಿ ನಿವೇಶನಗಳು, ದೇವಸ್ಥಾನದ ಹಿಂದೆ ಮುಳ್ಳು ಬೆಳೆದ ಜಾಗ. ಇಂಥವರು ಒಂದು ಬೆಳೆಯ ಕಾಲ, ಮಳೆಗಾಲದಿಂದ ಸಂಕ್ರಾಂತಿಯವರೆಗೆ, ಆಲೆಮನೆಯಲ್ಲೇ ಇದ್ದು ಬೇಸಾಯ ಕಲಿಯಲಿ. ಆಮೇಲೆ ಊರಿಗೆ ಹೋಗಿ ತಂತಮ್ಮ ಜಾಗದಲ್ಲಿ ಬೆಳೆದುಕೊಳ್ಳಲಿ. ಊಟಕ್ಕೆ ಹಿಂದಿನ ಕಾಲದ ವಾರಾನ್ನದ ದಾರಿ ಹಿಡಿದರು. ದಿನಕ್ಕೊಂದು ಮನೆಯವರು ಅಟ್ಟು ಕಳಿಸಬೇಕು, ನಾವು ಆ ಮನೆಗೆ ಸೊಪ್ಪು ತರಕಾರಿ ಬೆಳೆದು ಕೊಡಬೇಕು. ಮೇಷ್ಟ್ರ ದಂಪತಿಗೂ ಅರ್ಚಕರ ತಮ್ಮಂದಿರಿಗೂ ಅವರ ಪೈಕಿಯ ಮನೆಗಳಿಂದ ಊಟ ಬರುತ್ತಿತ್ತು, ಉಳಿದವರಿಗೆ ಬೀದಿಯ ಬೇರೆ ಮನೆಗಳಿಂದ. ತಾಯಮ್ಮ ಎರಡು ಕ್ಯಾರಿಯರುಗಳನ್ನೂ ಮೊಳೆಗೆ ನೇತುಹಾಕುತ್ತ, "ಮಡಿ ಕ್ಯಾರಿಯರು ಈ ಕಡೀಕೆ, ಮೈಲ್ಗೆ ಕ್ಯಾರಿಯರು ಆ ಕಡೀಕೆ. ಗಾಳಿ ಬೀಸಿ ಒಂದುಕ್ಕೊಂದು ತಗುಲುದ್ರೆ ನನ್ನ ಕೇಳ್ಬ್ಯಾಡಿ," ಅನ್ನುತ್ತಿದ್ದರು. ಶಾರದಮ್ಮ ನಗುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ತಾಯಮ್ಮ ಹುಟ್ಟಿದ್ದು ಹೊಳಲಿನಲ್ಲಿ, ಸೇರಿದ್ದು ಗುತ್ತಲಿಗೆ. ಗಂಡ ಪೇಟೆಯಲ್ಲಿ ಜಟಕಾ ಹೊಡೆಯುತ್ತಿದ್ದರು; ಮಾತು ಬಾರದವರೇನಲ್ಲ, ಆದರೆ ಮನೆಯ ಮಾತನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು ಕುದುರೆಯ ಜೊತೆ ಮಾತ್ರ ಆಡುತ್ತಿದ್ದರು. ವಿನಯ ಅನ್ನುವುದು ತಾಯಮ್ಮನ ಹತ್ತಿರ ಹಾಯುತ್ತಿರಲಿಲ್ಲ. "ಒಳಲಲ್ಲಿ ನನ್ನಂಗೆ ನಾಟಿ ಆಕೋಳು ಉಟ್ಟಿಲ್ಲ, ಇನ್ನು ಉಟ್ಟಾದೂ ಇಲ್ಲ. ಉಟ್ಟುದ್ರೂ ನಾನು ಬುಡಾಕಿಲ್ಲ," ಅನ್ನುವರು. ಅವರು ಹೇಳಿದ್ದೆಲ್ಲ ಸರಿಯಾಗಿರುತ್ತಿತ್ತು ಅಂತಲೂ ಇಲ್ಲ. ಮಳೆಯ ವಿಷಯದಲ್ಲಂತೂ ಒಂದು ದಿನವೂ ಅವರ ಮಾತು ನಡೆದದ್ದು ನಾನು ಕಾಣೆ. ಬೆಳಿಗ್ಗೆ ಎದ್ದು ಮೂಗೆತ್ತಿ ಗಾಳಿ ಮೂಸಿ, "ಮದ್ಯಾನ್ಕೆ ಉಯ್ತದೆ, ಬೀಜ ಒಳೀಕ್ ಮಡಗಿ," ಅನ್ನುವರು. ಮಧ್ಯಾಹ್ನ ತಲೆ ಸೀಳುವ ಬಿಸಿಲು. ಯಾರಾದರೂ ಕೆಣಕಿದರೆ, "ಮಳೆ ಬಂತು ಕಣ್ಲಾ, ಮದ್ದೂರ ಕಡೀಕ್ ಓಯ್ತು. ನಿಮ್ ಮಕ ನೋಡಿ ಇಲ್ಲಿ ಇಳೀಲಿಲ್ಲ," ಅಂದು ಗೆದ್ದುಬಿಡುವರು.

ಅವರ ಪಾಠದ ಕ್ರಮವೇ ಬೇರೆ. ಮೊದಲ ವಾರ ಗುದ್ದಲಿ ಮುಟ್ಟಿಸಲಿಲ್ಲ. ಪೇಟೆಯ ಹಟ್ಟಿಗಳಿಂದ ಸಗಣಿ ಗೊಬ್ಬರ ತರಬೇಕು, ತಲೆಯ ಮೇಲೆ ಹೊತ್ತು ತರಬೇಕು, ಅದೂ ದೊಡ್ಡ ಬೀದಿಯಲ್ಲೇ ಬರಬೇಕು. ನಾಲೆಯ ಹಿಂದಿನಿಂದ ಒಂದು ಕಾಲುದಾರಿ ಇದೆಯಲ್ಲ ಅಂತ ಅರ್ಚಕರ ದೊಡ್ಡ ತಮ್ಮ ಕೇಳಿದ್ದಕ್ಕೆ, "ಅದು ಕಳ್ರು ಓಡಾಡೋ ದಾರಿ," ಅಂದರು. ಬುಟ್ಟಿಯನ್ನು ತಾವೇ ಎತ್ತಿ ಒಬ್ಬೊಬ್ಬರ ತಲೆಯ ಮೇಲೂ ಇಟ್ಟು, "ನಾಚ್ಕೆ ಅನ್ನಾದು ನೆತ್ತಿ ಮ್ಯಾಲೆ ಕುಂತಿರ್ತದೆ. ಅಲ್ಲೇ ಗೊಬ್ರ ಮಡಗುದ್ರೆ ಜಾಗ ಸಾಲ್ದೆ ಅದೇ ಇಳ್ಕೊಂಡು ಓಯ್ತದೆ," ಅಂದರು.

ನನ್ನ ನಾಚಿಕೆ ಇಳಿಯಲಿಲ್ಲ. ಎರಡನೆಯ ದಿನವೇ ವೃತ್ತದ ಹತ್ತಿರ ಅಪ್ಪ ಸೈಕಲ್ಲಿನ ಮೇಲೆ ಎದುರಾದರು. ಕಚೇರಿಯ ಇಬ್ಬರು ಜೊತೆಯಲ್ಲಿದ್ದರು. ಸಗಣಿಯ ನೀರು ಬುಟ್ಟಿಯ ಸಂದಿನಿಂದ ಇಳಿದು ನನ್ನ ಕೆನ್ನೆಯ ಮೇಲೆ ಹರಿಯುತ್ತಿತ್ತು. ಅಪ್ಪ ಗಂಟೆ ಬಾರಿಸಿದರು, ದಾರಿ ಬಿಡಲಿ ಅಂತ. ನಾನು ಬಿಟ್ಟೆ. ಹಿಂದೆ ಬರುತ್ತಿದ್ದ ತಾಯಮ್ಮ ಅದನ್ನೆಲ್ಲ ನೋಡಿ, ದೊಡ್ಡ ದನಿಯಲ್ಲಿ, "ಗುಮಾಸ್ತ್ರೇ! ನಿಮ್ ಮಗ ಚೆಂದಾಗಿ ಒರ್ತಾನೆ ಕಣ್ರೋ, ಕತ್ತು ಅಳ್ಳಾಡಾಕಿಲ್ಲ!" ಅಂತ ಕೂಗಿದರು. ಅಪ್ಪ ತಿರುಗಲಿಲ್ಲ. ಸಂಜೆ ಆಲೆಮನೆಯಲ್ಲಿ ನಾನು ಮುಖ ಉಬ್ಬಿಸಿಕೊಂಡು ಕೂತಿದ್ದಾಗ ತಾಯಮ್ಮ ಎಲೆಯಡಿಕೆ ಬಾಯಿಗಿಟ್ಟುಕೊಂಡು ಪಕ್ಕದಲ್ಲಿ ಕೂತರು. "ನಿಮ್ಮಪ್ಪಂಗೂ ಒಂದ್ ಬುಟ್ಟಿ ಒರುಸ್ಬೇಕು. ಆದ್ರೆ ಆ ವಯಸ್ಗೆ ಕತ್ತು ಉಳ್ಕೊತದೆ," ಅಂದರು. ನನಗೆ ನಗು ಬಂದುಬಿಟ್ಟಿತು.

ಸೊಪ್ಪಿನ ಮಡಿ, ಬದನೆ ಸಸಿ, ಹೀರೆಯ ಚಪ್ಪರ ಇವನ್ನೆಲ್ಲ ನಾವೇ ಬಿದ್ದು ಎದ್ದು ಕಲಿತೆವು. ಗದ್ದೆಯ ನಾಟಿ ಮಾತ್ರ ಎಂಟು ಜನ ಹೊಸಬರ ಕೈಯಲ್ಲಿ ಆಗುವ ಕೆಲಸವಲ್ಲ. ಪೈರು ಕಿತ್ತ ಮೇಲೆ ಕಾಯುವುದಿಲ್ಲ. ಅದಕ್ಕೆ ತಾಯಮ್ಮ ತವರಿಗೆ ಹೋದರು.

ನಮ್ಮ ಕಡೆ ನಾಟಿಗೂ ಕುಯ್ಲಿಗೂ ಮುಯ್ಯಾಳು ಕೂಡಿಸುವುದು ವಾಡಿಕೆ. ಇವತ್ತು ನೀವು ನಮ್ಮ ಗದ್ದೆಗೆ ಇಳಿದರೆ ಇನ್ನೊಂದು ದಿನ ನಾವು ನಿಮ್ಮ ಗದ್ದೆಗೆ ಇಳಿಯಬೇಕು. ಆಳಿಗೆ ಆಳು, ದಿನಕ್ಕೆ ದಿನ. ಮಧ್ಯಾಹ್ನದ ಊಟ ಗದ್ದೆಯ ಮನೆಯವರದು. ಕೂಲಿಯ ಮಾತೇ ಅದರಲ್ಲಿ ಬರುವುದಿಲ್ಲ. ಪೇಟೆಯವರ ಜೊತೆ ಹೊಳಲಿನ ಹೆಂಗಸರು ಮುಯ್ಯಿ ಮಾಡುವುದು ಹಿಂದೆಂದೂ ಇಲ್ಲದ್ದು. ಪೇಟೆಯವರು ಇಸಿದುಕೊಂಡ ಮುಯ್ಯನ್ನು ತೀರಿಸುತ್ತಾರೆ ಅನ್ನುವುದು ಯಾವ ನಂಬಿಕೆ? ತಾಯಮ್ಮ ಅಲ್ಲಿ ಏನು ಹೇಳಿದರೋ, ಅವರ ಅತ್ತಿಗೆ ಕಾಳಮ್ಮ ಒಪ್ಪಿದರು. ಕಾಳಮ್ಮ ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು. ತಾಯಮ್ಮನ ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದ ಸಣ್ಣ ಗದ್ದೆಯನ್ನು ಕಾಳಮ್ಮ ಒಬ್ಬರೇ ಬೇಸಾಯ ಮಾಡಿಸುತ್ತಿದ್ದರು. ತಾಯಮ್ಮನಿಗೆ ತವರು ಅಂತ ಉಳಿದಿದ್ದುದು ಆ ಅತ್ತಿಗೆಯ ಮನೆಯೊಂದೇ.

ನಮ್ಮ ನಾಟಿಯ ದಿನ ಹೊಳಲಿನವರು ಬೆಳಕು ಹರಿಯುವುದಕ್ಕೆ ಮೊದಲೇ ಏರಿಯ ಮೇಲೆ ಬಂದು ನಿಂತಿದ್ದರು. ಆ ದಿನದಷ್ಟು ನಗೆಯನ್ನು ಆ ಗದ್ದೆ ಮತ್ತೆ ಕೇಳಲಿಲ್ಲ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದರೆ, "ಅಯ್ನೋರ ಕಾಲು ಒಳೀಕ್ ಓಯ್ತು, ಈಚೀಕೆ ಮಂತ್ರ ಯೋಳಿ ತಗೀಬೇಕು!" ಅಂತ ಒಬ್ಬಾಕೆ. ದರ್ಜಿ ನೆಟ್ಟ ಸಾಲು ನೋಡಿ, "ಇದೇನು ಬಟ್ಟೆ ಒಲಿಗೆಯಾ, ಒಂದ್ ಟಾಕು ಆಕಿ ಒಂದ್ ಟಾಕು ಬುಡಾಕೆ?" ಅಂತ ಇನ್ನೊಬ್ಬಾಕೆ. ಮಧ್ಯಾಹ್ನ ಶಾರದಮ್ಮ ಆಲೆಮನೆಯಲ್ಲಿ ತಾವೇ ಮಾಡಿದ ಅನ್ನ, ಹುಳಿ, ಒಬ್ಬಟ್ಟು ಬಡಿಸಿದರು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. "ಎಸ್ರಿಗೆ ಬೆಲ್ಲ ಆಕವ್ರೆ ಕಣವ್ವಾ, ಇದೇನ್ ಪಾಯ್ಸವಾ?" ಅಂತ ನಗುತ್ತಲೇ ಕಾಳಮ್ಮ ಎರಡನೆಯ ಸಲ ಹಾಕಿಸಿಕೊಂಡರು. ತಾಯಮ್ಮ ಸಾಲಿನ ತುದಿಯಲ್ಲಿ ನಿಂತು ಈ ಎಲೆಯಿಂದ ಆ ಎಲೆಗೆ ನೋಡುತ್ತಿದ್ದರು. ಮಗಳ ಮದುವೆಯಲ್ಲಿ ಬೀಗರು ಊಟಕ್ಕೆ ಕೂತದ್ದನ್ನು ನೋಡುವ ಮುಖ ಅದು.

ಆ ಒಂದೇ ಸಾಲನ್ನು ಅವರು ನಂಬಿದರು. ನಾವು ಬಡಿಸಿದ್ದನ್ನು ಹೊಳಲಿನವರು ಉಂಡಿದ್ದರು. ಹೊಳಲಿನವರು ಬಡಿಸಿದ್ದನ್ನು ನಾವು ಉಣ್ಣುತ್ತೇವೋ ಇಲ್ಲವೋ ಅನ್ನುವುದು ಬೇರೆಯ ಪ್ರಶ್ನೆ ಅಂತ ಅವರಿಗೆ ಹೊಳೆಯಲಿಲ್ಲ.

ಕೆಲವು ದಿನ ಕಳೆದು ಕಾಳಮ್ಮನ ಗದ್ದೆಯ ನಾಟಿ ಬಂತು. ಪೈರು ಕೀಳಲು ನೆರವಾಗುವುದಕ್ಕೆ ತಾಯಮ್ಮ ಹಿಂದಿನ ಸಂಜೆಯೇ ಹೊಳಲಿಗೆ ಹೋದರು. ಹೊರಡುವಾಗ ನೂರು ಮಾತು ಹೇಳಿದರು: ಹೊತ್ತಿಗೆ ಮುಂಚೆ ಬನ್ನಿ, ಪೈರು ಆಳಕ್ಕೆ ಒತ್ತಬೇಡಿ, ಹಿಂದಕ್ಕೆ ನಡೆಯುವಾಗ ಹೆಜ್ಜೆ ಗುಳಿ ಬಿಡಬೇಡಿ. ಊಟದ ವಿಷಯ ಒಂದು ಮಾತೂ ಆಡಲಿಲ್ಲ.

ಅವರು ಹೋದ ಮೇಲೆ ಶಾರದಮ್ಮ, "ಪಾಪ, ಕಾಳಮ್ಮ ಒಂಟಿ ಹೆಂಗಸು. ಎಂಟು ಜನಕ್ಕೆ ಎಲ್ಲಿಂದ ಬೇಯಿಸಿ ಹಾಕ್ತಾಳೆ? ನಮ್ಮ ಊಟ ನಾವೇ ಕಟ್ಟಿಕೊಂಡು ಹೋಗೋಣ," ಅಂದರು.

"ಹೌದು, ಹೌದು. ಪರರಿಗೆ ಯಾಕೆ ತೊಂದರೆ?" ಅಂದರು ಮೇಷ್ಟ್ರು. ಬೇಕಾದ್ದಕ್ಕಿಂತ ಸ್ವಲ್ಪ ಬೇಗನೇ ಅಂದರು. ಅರ್ಚಕರ ತಮ್ಮಂದಿರು ತಲೆಯಾಡಿಸಿದರು. ದರ್ಜಿಯೂ, ಪೇಟೆಯ ಇಬ್ಬರೂ, ನಾನೂ ತಲೆಯಾಡಿಸಿದೆವು. ಆ ಮಾತಿನಲ್ಲಿ ಕನಿಕರ ಎಷ್ಟು, ಕಾಳಮ್ಮನ ಅಡಿಗೆಯ ಭಯ ಎಷ್ಟು ಅಂತ ಯಾರೂ ಅಳೆಯಲು ಹೋಗಲಿಲ್ಲ. ಕನಿಕರ ಮುಂದೆ ನಿಂತಿತ್ತು, ಇನ್ನೊಂದು ಅದರ ಸೆರಗಿನ ಹಿಂದೆ ಇತ್ತು. ನನಗಾದರೋ ಆ ಅಡಿಗೆಗೆ ಹೆದರುವ ಕಾರಣವೇ ಇರಲಿಲ್ಲ. ನಮ್ಮಜ್ಜಿಯ ಕೈಯ ರಾಗಿ ಹಿಟ್ಟು ತಿಂದು ಬೆಳೆದವನು ನಾನು. ಆದರೂ ಬೆಳಿಗ್ಗೆ ಚಿತ್ರಾನ್ನ ಮೊಸರನ್ನ ತುಂಬಿದ ಕ್ಯಾರಿಯರುಗಳಲ್ಲಿ ಒಂದು ನನ್ನ ಕೈಯಲ್ಲೇ ಇತ್ತು.

ಕೆಲಸ ಚೆನ್ನಾಗಿ ನಡೆಯಿತು. ಹೊಳಲಿನ ಹೆಂಗಸರೇ, "ಪರ್ವಾಗಿಲ್ಲ ಕಣಮ್ಮಿ, ಪ್ಯಾಟೆಯೋರ ಸೊಂಟ ಬಗ್ತದೆ," ಅಂದರು. ಹೊತ್ತು ನೆತ್ತಿಗೆ ಬಂದಾಗ ತಾಯಮ್ಮ ಮತ್ತು ಕಾಳಮ್ಮ ಊಟ ತರಲು ಮನೆಗೆ ಹೋದರು. ಎಲ್ಲಿಗೆ ಹೋದರು ಅಂತ ನಾವು ಕೇಳಲಿಲ್ಲ. ನಾಲೆಯಲ್ಲಿ ಕೈಕಾಲು ತೊಳೆದು, ಹೊಂಗೆಯ ಮರದ ಕೆಳಗೆ ಕೂತು ಕ್ಯಾರಿಯರು ಬಿಚ್ಚಿದೆವು. ಹೊಳಲಿನವರು ಗದ್ದೆ ಬದುವಿನ ತೆವರಿಯ ಮೇಲೆ ಸಾಲಾಗಿ ಕೂತು ನಮ್ಮನ್ನು ನೋಡುತ್ತಿದ್ದರು. ಅವರಲ್ಲಿ ನಗೆ ನಿಂತುಹೋದದ್ದನ್ನು ನಾವು ಗಮನಿಸಬೇಕಿತ್ತು. ಹಸಿವು ಜೋರಾಗಿತ್ತು.

ನಮ್ಮ ಊಟ ಅರ್ಧವಾಗಿರಬೇಕು. ಗದ್ದೆಗಳ ನಡುವೆ ತೆವರಿಯ ಮೇಲೆ ಕಾಳಮ್ಮ ತಲೆಯ ಮೇಲೆ ದೊಡ್ಡ ಕುಕ್ಕೆ ಹೊತ್ತು ಬರುತ್ತಿದ್ದರು. ಹಿಂದೆ ನೀರಿನ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ತಾಯಮ್ಮ, ಏನೋ ಹೇಳಿ ತಾವೇ ನಗುತ್ತ. ಕಾಳಮ್ಮ ಒಗೆದ ಸೀರೆ ಉಟ್ಟಿದ್ದರು. ಹತ್ತಿರ ಬಂದು ಕುಕ್ಕೆಯನ್ನು ಇನ್ನೂ ಇಳಿಸದೆ ನಿಂತರು.

"ಅಯ್ಯೋ, ಉಂಡ್ಬುಟ್ರಾ?"

ಅಷ್ಟೇ ಅಂದದ್ದು. ಶಾರದಮ್ಮ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, "ನಿಮಗ್ಯಾಕೆ ಸುಮ್ಮನೆ ತೊಂದರೆ ಅಂತ..." ಅಂದರು.

"ತೊಂದ್ರೆ ಏನ್ ಬಂತು ಬುಡವ್ವಾ."

ಕುಕ್ಕೆ ಇಳಿಸಿದರು. ಒಳಗಿದ್ದ ಅನ್ನ, ಸಾರು, ಪಾಯಸದ ಮಡಕೆಗಳು ಹೊಸವು. ಮೈಯೆಲ್ಲ ಕೆಂಪಗೆ, ತಳದಲ್ಲಿ ಮಾತ್ರ ಒಂದೇ ಒಲೆಯ ಮಸಿ. ತೆವರಿಯ ಮೇಲಿದ್ದ ಒಬ್ಬ ಮುದುಕಿ ನಮಗೆ ಕೇಳಲಿ ಅಂತಲೇ, "ಕೋಳಿ ಕೂಗಾಕ್ ಮುಂಚೆ ನೀರುಯ್ಕೊಂಡು ಅಟ್ಟವ್ಳೆ ಕಣ್ರವ್ವಾ. ಈರುಳ್ಳಿ ಸೈತ ಮುಟ್ಟಿಲ್ಲ. ನಿಮ್ಗೇಂತ," ಅಂದಳು.

ಎಲ್ಲರ ಬಾಯಲ್ಲೂ ಮೊಸರನ್ನ ಇತ್ತು. ನುಂಗುವುದಕ್ಕೂ ನಾಚಿಕೆ, ಉಗುಳುವುದಕ್ಕೂ ನಾಚಿಕೆ. ಕೊನೆಗೆ ಮೇಷ್ಟ್ರು ಎದ್ದು ನಿಂತು, ಎಂಜಲು ಕೈಯನ್ನು ಹಿಂದೆ ಮರೆಮಾಡಿಕೊಂಡು, "ತಾಯಿ, ಒಂದಿಷ್ಟು ಪಾಯಸ ಹಾಕಿ, ಉಣ್ಣುತ್ತೇನೆ," ಅಂದರು.

"ಒಟ್ಟೆ ತುಂಬ್ದೋರಿಗೆ ಬಲವಂತ ಮಾಡಬಾರ್ದು ಸ್ವಾಮಿ," ಅಂದರು ಕಾಳಮ್ಮ. ದನಿಯಲ್ಲಿ ಕೋಪವಿರಲಿಲ್ಲ. ಹೊಳಲಿನವರಿಗೆ ಎಲೆ ಹಾಸತೊಡಗಿದರು.

ತಾಯಮ್ಮ ಬಿಂದಿಗೆ ಇಳಿಸಿ, ಯಾರ ಮುಖವನ್ನೂ ನೋಡದೆ ಎಲೆಯ ಮುಂದೆ ಕೂತರು. "ಬಡ್ಸು ಅತ್ಗೆ," ಅಂದರು. ಸಣ್ಣ ಊಟದವರು ಅವರು. ಆ ದಿನ ಅನ್ನ ಹಾಕಿಸಿಕೊಂಡರು, ಮತ್ತೆ ಹಾಕಿಸಿಕೊಂಡರು, ಪಾಯಸ ಎಲೆಯಿಂದ ಹರಿಯುವಷ್ಟು ಹಾಕಿಸಿಕೊಂಡರು. ನಮ್ಮ ಎಂಟು ಜನರ ಪಾಲನ್ನೂ ಒಬ್ಬರೇ ಮುಗಿಸುವವರ ಹಾಗೆ, ತಲೆ ಬಗ್ಗಿಸಿ, ಉಸಿರು ಕಟ್ಟಿ ಉಂಡರು. "ಸಾಕು ತಾಯವ್ವಾ, ಒಟ್ಟೆ ಕೆಟ್ಟೋದಾತು," ಅಂತ ಕೊನೆಗೆ ಕಾಳಮ್ಮನೇ ಮಡಕೆ ಎತ್ತಿಟ್ಟರು.

ಸಂಜೆ ವಾಪಸು ಬರುವ ದಾರಿಯಲ್ಲಿ ತಾಯಮ್ಮ ನಮಗಿಂತ ಹಿಂದೆ ನಡೆಯುತ್ತಿದ್ದರು. ಎಂದೂ ಮುಂದೆ ನಡೆಯುವವರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಾಲೆಯ ತೂಬಿನ ಹತ್ತಿರ ಶಾರದಮ್ಮ ಅಳುವುದಕ್ಕೆ ಶುರುಮಾಡಿದರು.

"ನೀವ್ಯಾಕ್ ಅಳ್ತೀರವ್ವಾ," ಅಂದರು ತಾಯಮ್ಮ. "ತಪ್ಪು ನಂದೇ. ನಾಟಿ ಯೋಳ್ಕೊಟ್ಟೆ, ಕಳೆ ಕೀಳಾದು ಯೋಳ್ಕೊಟ್ಟೆ. ಉಣ್ಣಾದು ಯೋಳ್ಕೊಡ್ನಿಲ್ಲ. ಉಣ್ಣಾದ್ನೂ ಯೋಳ್ಕೊಡ್ಬೇಕು ಅಂತ ನಂಗೆ ತಿಳೀನಿಲ್ಲ."

ಮೇಷ್ಟ್ರು, "ನಾವು ಕೆಲಸ ಪೂರ್ತಿ ಮಾಡಿಕೊಟ್ಟೆವಲ್ಲ ತಾಯಮ್ಮ. ಮುಯ್ಯಿ ತೀರಿತಲ್ಲ," ಅಂದರು, ಬೇಡಿಕೊಳ್ಳುವ ದನಿಯಲ್ಲಿ.

"ಉಣ್ಣದ ಮುಯ್ಯಿ ಮುಯ್ಯಲ್ಲ ಮೇಷ್ಟ್ರೇ. ದುಡುದು ಉಣ್ಣದೆ ಎದ್ದು ಬಂದ್ರೆ ಅದು ದರ್ಮ ಮಾಡ್ದಂಗಾಯ್ತು. ನಮ್ಮತ್ಗೆ ದರ್ಮ ಇಸ್ಕೊಳೋ ಎಂಗ್ಸಲ್ಲ. ಗಂಡ ಸತ್ತಾಗ ಯಾರ ತಾವೂ ಇಸ್ಕೊಂಡಿಲ್ಲ. ಗುತ್ಲಲ್ಲಿ ದಿನಕ್ಕೊಂದ್ ಮನೆ ಅನ್ನ ಉಣ್ತೀರಿ. ಒಳಲಲ್ಲಿ ಒಂದ್ ಒತ್ತು ಆಗ್ನಿಲ್ವಾ? ಎಲ್ಲಾ ಉಣ್ತಾರೆ ಅತ್ಗೆ, ನಮ್ಮೋರು ಅಂಥೋರಲ್ಲ ಅಂತ ನಾನೇ ಯೋಳಿದ್ದೆ. ಊರ ಮುಂದೆ ಯೋಳಿದ್ದೆ."

ಅದರ ಮೇಲೆ ಅವರು ಆ ಮಾತು ಎತ್ತಲಿಲ್ಲ. ಮರುದಿನ ಮೇಷ್ಟ್ರು ತಟ್ಟೆಯಲ್ಲಿ ಹಣ್ಣು ಇಟ್ಟುಕೊಂಡು ಹೊಳಲಿಗೆ ನಡೆದುಹೋದರು. ಕಾಳಮ್ಮ ಚಾಪೆ ಹಾಸಿದರಂತೆ. ಮೇಷ್ಟ್ರು ತಾವಾಗಿಯೇ ನೀರು ಕೇಳಿ ಇಸಿದುಕೊಂಡು ಕುಡಿದರಂತೆ. "ಬಾಯಾರ್ಕೆಗೆ ನೀರು ಯಾರ್ ಕೊಟ್ರೂ ಕುಡೀಬೌದು ಬುಡಿ ಸ್ವಾಮಿ," ಅಂದರಂತೆ ಕಾಳಮ್ಮ. ಹಣ್ಣನ್ನು ಕೇರಿಯ ಮಕ್ಕಳಿಗೆ ಹಂಚಿದರಂತೆ. ಇಷ್ಟನ್ನು ಹೇಳಿ ಮೇಷ್ಟ್ರು ಆಲೆಮನೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದರು.

ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ತವರಿನಿಂದ ಹೆಣ್ಣುಮಗಳನ್ನು ಹಬ್ಬಕ್ಕೆ ಕರೆಯಲು ಬರಬೇಕು. ಪ್ರತಿ ವರ್ಷ ಕಾಳಮ್ಮ ತಾವೇ ಅರಿಸಿನ ಕುಂಕುಮ ಹಿಡಿದು ಬಂದು ನಾದಿನಿಯನ್ನು ಕರೆದೊಯ್ಯುತ್ತಿದ್ದರಂತೆ. ಆ ದಿನ ನಾನು ಸೊಪ್ಪು ಕೊಡಲು ತಾಯಮ್ಮನ ಮನೆಗೆ ಹೋದಾಗ ಅವರು ಜಗಲಿಯ ಮೇಲೆ ಹೊಸ ಸೀರೆ ಉಟ್ಟು ಬೀಜ ಆರಿಸುತ್ತಿದ್ದರು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದರು. ಕಣ್ಣು ಬೀದಿಯ ತುದಿಯಲ್ಲಿತ್ತು. ಗಂಡ ಒಳಗಿನಿಂದ, "ಒತ್ತಾಯ್ತಲ್ಲ," ಅಂದರು.

"ಒಳಲ ಕಡೆ ಮಳೆ ಉಯ್ತಾ ಇರ್ಬೇಕು. ಅದ್ಕೇ ಬರ್ನಿಲ್ಲ," ಅಂದರು ತಾಯಮ್ಮ.

ಹೊರಗೆ ಮೋಡದ ಸುಳಿವೂ ಇರಲಿಲ್ಲ. ನಾನು ಸೊಪ್ಪಿನ ಕಟ್ಟು ಇಟ್ಟು ಓಡಿಬಂದೆ. ಹೊಳಲು ನಡೆದು ಹೋಗಿ ಬರುವಷ್ಟೇ ದೂರ, ಆದರೂ ಆ ಹಬ್ಬಕ್ಕೆ ಅಲ್ಲಿಂದ ಯಾರೂ ಬರಲಿಲ್ಲ.

ನಮ್ಮ ಗದ್ದೆ ತೂಗಿ ನಿಂತಿತು. ಕುಯ್ಲಿಗೂ ಮುಯ್ಯಾಳು ಎಂದು ಮೊದಲೇ ಮಾತಾಗಿತ್ತು, ಆದರೆ ಬರುತ್ತಾರೆ ಅಂತ ನಮಗೆ ನಂಬಿಕೆಯಿರಲಿಲ್ಲ. ತಾಯಮ್ಮ ಕರೆಯಲು ಹೋಗಲೂ ಇಲ್ಲ. ಆದರೆ ಕುಯ್ಲಿನ ದಿನ ಬೆಳಿಗ್ಗೆ ಹೊಳಲಿನವರು ಒಬ್ಬರೂ ತಪ್ಪದೆ ಕುಡ್ಲು ಹಿಡಿದು ಏರಿಯ ಮೇಲೆ ನಿಂತಿದ್ದರು. ಕಾಳಮ್ಮ ಮುಂದೆ. ಆಡಿದ ಮಾತಿಗೆ ಬಂದವರು ಅವರು. ಶಾರದಮ್ಮನಿಗೆ ಜೀವ ಬಂದ ಹಾಗಾಯಿತು. ಬಂದರೆ ಇರಲಿ ಅಂತ ಸೌದೆ ಒಡೆಸಿಟ್ಟು, ಮುದ್ದೆಗೆ ಹಿಟ್ಟು ತೊಳಸುವುದನ್ನು ಹಿಂದಿನ ವಾರವೇ ಯಾರನ್ನೋ ಕೇಳಿ ಕಲಿತಿದ್ದರು. ಮುದ್ದೆ, ಅವರೆಕಾಳಿನ ಸಾರು, ಕಜ್ಜಾಯ, ಎಲ್ಲ ಮಾಡಿದರು. ಮುದ್ದೆ ಸ್ವಲ್ಪ ಗಂಟುಗಂಟಾಗಿತ್ತು. "ಪರವಾಗಿಲ್ಲ, ನಗಲಿ. ನಕ್ಕರೆ ಸಾಕು," ಅಂದರು.

ಮಧ್ಯಾಹ್ನ ನಾವು ಎಲೆ ಹಾಸಿದೆವು. ಹೊಳಲಿನವರು ಕೈ ತೊಳೆದು ಬಂದರು. ಬಂದು, ಸಾಲಿಗೆ ಕೂರದೆ, ತೆವರಿಯ ಆ ಕಡೆ ಹೋಗಿ ಕೂತರು. ಒಬ್ಬೊಬ್ಬರೂ ಮಡಿಲಿನಿಂದ ಒಂದೊಂದು ಬಟ್ಟೆಯ ಗಂಟು ತೆಗೆದರು. ಒಳಗೆ ಮನೆಯಿಂದ ತಂದ ತಣ್ಣನೆಯ ಮುದ್ದೆ, ಮೇಲೊಂದು ಹಸಿಮೆಣಸಿನಕಾಯಿ.

ಶಾರದಮ್ಮ ಸೌಟು ಹಿಡಿದು ನಿಂತಿದ್ದವರು, "ಯಾಕಮ್ಮಾ ಕಾಳಮ್ಮಾ?" ಅಂದರು.

"ನಿಮ್ಗ್ಯಾಕವ್ವಾ ಸುಮ್ಕೆ ತೊಂದ್ರೆ," ಅಂದರು ಕಾಳಮ್ಮ.

ನಾವು ಆಡಿದ ಮಾತನ್ನೇ ತಿರುಗಿ ಹೇಳಿದ್ದರು. ಕುಹಕದಿಂದಲ್ಲ, ಹೀಗೆ ಹೇಳುವುದು ಪೇಟೆಯ ಮರ್ಯಾದೆ ಇರಬಹುದು ಅನ್ನುವ ಹಾಗೆ. ಆಮೇಲೆ ಗಂಟಿನ ಮುದ್ದೆಯನ್ನು ಎರಡು ಭಾಗ ಮಾಡಿ, ನಮ್ಮ ಕಡೆ ತಿರುಗಿ ಕರೆದರು: "ತಾಯವ್ವಾ, ಬಾ. ಉಣ್ಣು."

ತಾಯಮ್ಮ ನಮ್ಮ ಎಲೆಗಳ ನಡುವೆ ಉಪ್ಪು ಹಿಡಿದು ನಿಂತಿದ್ದರು. ಒಂದು ಕಡೆ ಅವರು ಆರು ತಿಂಗಳು ಬೈದು ಕಲಿಸಿದ ನಾವು. ಇನ್ನೊಂದು ಕಡೆ ಗೌರಿಗೆ ಕರೆಯದ ಅತ್ತಿಗೆ, ಈಗ ಕರೆಯುತ್ತಿರುವವರು. ಎಷ್ಟು ಹೊತ್ತು ನಿಂತಿದ್ದರೋ. ಉಪ್ಪಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ತೆವರಿ ದಾಟಿ ಹೋಗಿ, ಕಾಳಮ್ಮನ ಪಕ್ಕದಲ್ಲಿ, ನಮಗೆ ಬೆನ್ನು ಮಾಡಿ ಕೂತು ಆ ಅರ್ಧ ಮುದ್ದೆ ಮುರಿದರು.

ನಾವು ಮಾಡಿದ ಅಡಿಗೆ ನಾವೇ ಉಂಡೆವು. ಬಹಳ ಉಳಿಯಿತು.

ತಮ್ಮ ಕುಯ್ಲಿಗೆ ಹೊಳಲಿನವರು ನಮ್ಮನ್ನು ಕರೆಯಲಿಲ್ಲ; ಆ ಮುಯ್ಯಿ ನಮ್ಮ ಮೇಲೆ ಹಾಗೇ ಉಳಿಯಿತು. ಸಂಕ್ರಾಂತಿಗೆ ಆಲೆಮನೆ ಖಾಲಿಯಾಯಿತು. ಬೇಸಾಯದ ಮಟ್ಟಿಗೆ ಹಿರಿಯರ ಯೋಚನೆ ಸೋತಿತು ಅನ್ನುವಂತಿಲ್ಲ. ಮೇಷ್ಟ್ರು ದೇವಸ್ಥಾನದ ಹಿಂದಿನ ಮುಳ್ಳು ಕಡಿದು ಬದನೆ ಹಾಕಿದರು. ದರ್ಜಿ ಮದ್ದೂರಿನಲ್ಲಿ ಅಂಗಡಿಯ ಹಿಂದೆ ಕೊತ್ತಂಬರಿ, ಮೆಂತ್ಯ ಬೆಳೆದು ಬಟ್ಟೆಯ ಜೊತೆ ಸೊಪ್ಪನ್ನೂ ಮಾರಿದ. ನಮ್ಮ ಹಿತ್ತಲಿನಲ್ಲಿ ಹೀರೆಯ ಚಪ್ಪರ ಎದ್ದಿತು; ಅಪ್ಪ ಸಂಜೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವುದಕ್ಕೆ ಶುರುಮಾಡಿದರು. ಮುಂದಿನ ತಂಡಕ್ಕೆ ಜನ ಸಾಲುಗಟ್ಟಿದ್ದರು. ಹಿರಿಯರು ತಾಯಮ್ಮನನ್ನು ಕೇಳಲು ಹೋದರು. "ನಂಗೆ ಕಲ್ಸಾಕೆ ಬರಾಕಿಲ್ಲ. ಕಾಲು ನೋಡಾಕ್ ಮಾತ್ರ ಬತ್ತದೆ," ಅಂದು ಬಾಗಿಲು ಹಾಕಿಕೊಂಡರಂತೆ. ಬೆಳಕವಾಡಿಗೆ ಕೊಟ್ಟಿದ್ದ ಮಗಳು ಬಾಣಂತಿಯಾದಾಗ ಅಲ್ಲಿಗೆ ಹೋದವರು ಅಲ್ಲೇ ಉಳಿದರು. ಜಟಕಾ ಕೂಡ ಮಾರಿದರು ಅಂತ ಸುದ್ದಿ ಬಂತು.

ಮುಂಗಾರಿನ ಹೊತ್ತಿಗೆ ನಾನು ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಬೆಳಕವಾಡಿಗೆ ಹೋದೆ. ಚೀಲದಲ್ಲಿ ನಮ್ಮ ಹಿತ್ತಲಿನ ಹೀರೆಕಾಯಿ ಇತ್ತು. ತಾಯಮ್ಮ ತೊಟ್ಟಿಲು ತೂಗುತ್ತಿದ್ದರು. ಹೀರೆಕಾಯಿಯನ್ನು ಉಗುರಿನಿಂದ ಗೀರಿ ನೋಡಿ, "ಬಲಿಯಾಕ್ ಬುಟ್ಟಿದ್ದೀಯ. ಇದುನ್ನ ತಿನ್ನಾದಾ, ಬೆನ್ನು ಉಜ್ಜಾದಾ?" ಅಂದರು. ಆ ದನಿ ಕೇಳಿ ನನಗೆ ಹಾಯೆನಿಸಿತು. ಊರ ಕಡೆಯ ಎಲ್ಲರನ್ನೂ ವಿಚಾರಿಸಿದರು. ಹೊಳಲಿನ ಮಾತು ತೆಗೆಯಲಿಲ್ಲ.

ನಾನೇ ತೆಗೆದೆ. "ಈ ಸಲ ನಿಮ್ಮತ್ತಿಗೆಯವರ ನಾಟಿಗೆ ನಾವು ಹೋಗಬೇಕು ಅಂತಿದ್ದೇವೆ. ಅವರು ಕರೆದಿಲ್ಲ. ನೀವು ಜೊತೆಗೆ ಬಂದರೆ..."

ತೊಟ್ಟಿಲು ನಿಂತಿತು. "ನಾ ಬಂದ್ರೆ ಅದು ನನ್ ಮುಯ್ಯಿ ಆಯ್ತದೆ ಕಣ್ಲಾ. ನಿಮ್ದು ಎಂಗಾದದು? ಓಗಿ. ಕರೀನಿಲ್ಲ ಅಂತ ನಿಂತ್ಕಬ್ಯಾಡಿ." ಮತ್ತೆ ತೊಟ್ಟಿಲು ತೂಗುತ್ತ, "ಬರೀ ಕೈಲಿ ಓಗಿ," ಅಂದರು.

ಬಸ್ಸಿನವರೆಗೆ ಬಂದು ಬಿಟ್ಟರು. ಮಳೆ ಬರುತ್ತದೆ, ಕಿಟಕಿಯ ಪಕ್ಕ ಕೂರಬೇಡ ಅಂದರು. ಬರಲಿಲ್ಲ. ಆಮೇಲೆ ನಾನು ಅವರನ್ನು ನೋಡುವ ಯೋಗ ಕೂಡಿಬರಲಿಲ್ಲ.

ಆಷಾಢ ಕಳೆದ ಮೇಲೆ ಒಂದು ದಿನ, ನಾಟಿ ಶುರುವಾಗಿದೆ ಅಂತ ಕೇಳಿ, ಮೇಷ್ಟ್ರು, ಶಾರದಮ್ಮ, ದರ್ಜಿ ಮತ್ತು ನಾನು ಬೆಳಕು ಹರಿಯುವ ಮೊದಲು ಹೊಳಲಿಗೆ ಹೊರಟೆವು. ಕೈಯಲ್ಲಿ ಏನೂ ಇರಲಿಲ್ಲ. ಕಾಳಮ್ಮನ ಗದ್ದೆ ಮುಟ್ಟಿದಾಗ ಸೂರ್ಯ ಹುಟ್ಟುತ್ತಿದ್ದ. ಗದ್ದೆ ತುಂಬ ಪೈರು ಸಾಲಾಗಿ ನಿಂತಿತ್ತು. ಹಿಂದಿನ ದಿನವೇ ನಾಟಿ ಮುಗಿದಿತ್ತು.

ವಾಪಸು ಹೊರಡುವ ಹೊತ್ತಿಗೆ ಕಾಳಮ್ಮ ನೀರು ಕಟ್ಟಲು ಬಂದರು. ನಮ್ಮನ್ನು ನೋಡಿದರು, ನಮ್ಮ ಬರಿಗೈಯನ್ನೂ ನೋಡಿದರು. ಯಾಕೆ ಬಂದಿರಿ ಅಂತ ಕೇಳಲಿಲ್ಲ.

"ಬಂದೋರು ಅಂಗೇ ಓಗಾದಾ? ಬನ್ನಿ," ಅಂದು ಮನೆಗೆ ಕರೆದೊಯ್ದರು. ನಡುಮನೆಯಲ್ಲಿ ಸಾಲಾಗಿ ಕೂರಿಸಿದರು. ಆ ದಿನ ನೆಂಟರಿಗೆ ಅಂತ ವಿಶೇಷವೇನೂ ಮಾಡಿರಲಿಲ್ಲ. ಇದ್ದ ಹಿಟ್ಟು, ಇದ್ದ ಸಾರು. ಶಾರದಮ್ಮ ಎಲೆ ಮುಂದಕ್ಕೆ ಎಳೆದುಕೊಂಡು ಮೊದಲ ತುತ್ತು ಎತ್ತಿದರು. ಮೇಷ್ಟ್ರು ಕೇಳಿ ಹಾಕಿಸಿಕೊಂಡರು. ಉಂಡು ಎದ್ದ ಮೇಲೆ, ದುಡಿಯದೆ ಉಂಡ ಹಾಗಾಯಿತು, ಏನಾದರೂ ಕೆಲಸ ಕೊಡಿ, ಸಂಜೆಯವರೆಗೆ ಮಾಡಿ ಹೋಗುತ್ತೇವೆ ಅಂತ ಕೇಳಿದೆವು.

ಕೆಲಸ ಏನೂ ಇಲ್ಲ ಅಂದರು ಕಾಳಮ್ಮ.